ಮೂರು ಡ್ರಮ್ ಹೆಪ್ಪು

ಬೆಳಗಿನ ಐದೂ ಮುಕ್ಕಾಲು. ನಾಸಿಕದ ಗಂಗಾಪುರ ರಸ್ತೆಯಿಂದ ಒಳಕ್ಕೆ ಹೊರಳಿದರೆ ಸಿಗುವ ತೊಂಬತ್ತಾರು ಮನೆಗಳ ಸೊಸೈಟಿ ಇನ್ನೂ ಪೂರ್ತಿ ಎದ್ದಿಲ್ಲ. ಯಾವ ಮಹಡಿ ಎದ್ದಿದೆ, ಯಾವುದು ಇನ್ನೂ ಮಗ್ಗುಲು ಬದಲಿಸುತ್ತಿದೆ ಎಂಬುದು ಮಾತ್ರ ಮಹಿಬೂಬ ನದಾಫ ಅವರಿಗೆ ಗೊತ್ತು. ಕಟ್ಟಡದ ಹಿಂದಿನ ಮೂಲೆಯಲ್ಲಿ, ಕಾರುಗಳು ನಿಲ್ಲುವ ಜಾಗಕ್ಕಿಂತಲೂ ಕೆಳಗೆ, ಕಾಂಕ್ರೀಟಿನ ಕಟ್ಟೆಯ ಮೇಲೆ ಅವರು ನಿಂತಿದ್ದಾರೆ. ಕೈಗೆ ರಬ್ಬರಿನ ಗವಸು, ಗವಸಿನ ಕೈಯಲ್ಲಿ ಉದ್ದ ಹಿಡಿಕೆಯ ಹಲ್ಲುಕುಂಟೆ. ಎದುರಿಗೆ ದಪ್ಪ ಪೈಪೊಂದು ಬಾಯಿ ತೆರೆದುಕೊಂಡಿದೆ. ಅದರೊಳಗಿಂದ ಮೊದಲು ಗೊರಗೊರ ಸದ್ದು, ಆಮೇಲೆ ನೀರು.

“ಇದು ಬಿ ವಿಂಗಿನ ಪೈಲಾ ಫ್ಲಶ್ ನೋಡ್ರಿ,” ಎನ್ನುತ್ತಾರೆ. “ನಾಕನೇ ಮಜಲಾದ ಅಜ್ಜಾರದು. ಐದೂ ಮುಕ್ಕಾಲು ಅಂದ್ರ ಐದೂ ಮುಕ್ಕಾಲು. ಅವ್ರು ಹತ್ತು ನಿಮಿಷ ತಡಾ ಮಾಡಿದ್ರ ನನಗ ಇಲ್ಲಿ ಚಿಂತಿ ಹತ್ತತದ.”

ಇವತ್ತಿನ ಚಿಂತೆ ಅಜ್ಜನದಲ್ಲ. ಹನ್ನೊಂದು ಗಂಟೆಗೆ ಸರ್ಕಾರದ ಕಡೆಯವರು ನೀರಿನ ಮಾದರಿ ಒಯ್ಯಲು ಬರುತ್ತಾರೆ. ತೊಂಬತ್ತಾರು ಮನೆಗಳ ಬಚ್ಚಲು, ಅಡುಗೆಮನೆ, ಪಾಯಖಾನೆಗಳ ನೀರನ್ನು ತೊಳೆದು ತಿಳಿ ಮಾಡುವ ಈ ಘಟಕ, ಅಂದರೆ ಎಲ್ಲರ ಬಾಯಲ್ಲಿರುವ ‘ಎಸ್‌ಟಿಪಿ’, ಪಾಸಾದರೆ ಮಹಿಬೂಬ ಮತ್ತು ಅವರ ಹೆಂಡತಿ ಶಬಾನಾ ಇಲ್ಲಿಯೇ ಇರುತ್ತಾರೆ. ನಪಾಸಾದರೆ ಸೊಸೈಟಿ ಘಟಕವನ್ನು ಒಂದು ಕಂಪನಿಗೆ ಒಪ್ಪಿಸುತ್ತದೆ. ಕಂಪನಿ ತನ್ನ ಮನುಷ್ಯನನ್ನು ಕರೆತರುತ್ತದೆ. ಘಟಕಕ್ಕೆ ಅಂಟಿಕೊಂಡಿರುವ ಒಂದು ಕೋಣೆಯಲ್ಲಿ ಹನ್ನೊಂದು ವರ್ಷದಿಂದ ನಡೆದಿರುವ ಸಂಸಾರ ತಿಂಗಳ ಕೊನೆಯೊಳಗೆ ಗಂಟುಮೂಟೆ ಕಟ್ಟಬೇಕು. ಸಭೆಯಲ್ಲಿ ಠರಾವು ಆಗಿದೆ, ಸಹಿಯೂ ಬಿದ್ದಿದೆ.

ಹನ್ನೆರಡು ದಿನಗಳ ಹಿಂದೆ ಈ ಪ್ರಶ್ನೆ ಏಳುವಂತೆಯೇ ಇರಲಿಲ್ಲ. ಆಗ ತೊಟ್ಟಿ ಬದುಕಿತ್ತು.

ಮಹಿಬೂಬ ಒಂದೆಡೆ ನಿಲ್ಲುವವರಲ್ಲ, ಈ ಹನ್ನೆರಡು ದಿನಗಳಲ್ಲಂತೂ ಕೂತದ್ದನ್ನು ಕಂಡವರಿಲ್ಲ. ಜಾಲರಿಯಿಂದ ಗಾಳಿ ಊದುವ ಬ್ಲೋಯರಿಗೆ, ಬ್ಲೋಯರಿನಿಂದ ತೊಟ್ಟಿಗೆ, ತೊಟ್ಟಿಯಿಂದ ಮತ್ತೆ ಜಾಲರಿಗೆ. ಮಾತು ಬೇಕಾದವರು ಅವರ ಹಿಂದೆ ನಡೆಯಬೇಕು. ಉದ್ದಕ್ಕೆ ಎಂಟು ಹೆಜ್ಜೆ, ಅಡ್ಡಕ್ಕೆ ಐದು. ಚಪ್ಪಲಿಯ ಎಡಗಾಲು ಬಲಗಾಲಿಗಿಂತ ಹೆಚ್ಚು ಸವೆದಿದೆ, ಯಾಕೆಂದರೆ ಅವರು ತೊಟ್ಟಿಯನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆ.

ಪೈಪಿನ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿಯಿದೆ. ನೀರು ದಾಟುತ್ತದೆ, ನೀರಲ್ಲದ್ದು ಸಿಕ್ಕಿಬೀಳುತ್ತದೆ. ಕುಂಟೆ ಎಳೆದಾಗ ಮೇಲೆ ಬರುವುದರಲ್ಲಿ ಒಂದು ಊರಿನ ಗುಟ್ಟೆಲ್ಲ ಇದೆ: ಮಗುವಿನ ಡೈಪರು, ಹೆಂಗಸರ ಪ್ಯಾಡು, ಕಿವಿ ಕಡ್ಡಿ, ಬಾಚಣಿಗೆಯಿಂದ ಬಿಡಿಸಿದ ಕೂದಲಿನ ಉಂಡೆ, ಹಾಲಿನ ಪ್ಯಾಕೀಟಿನ ಕತ್ತರಿಸಿದ ಮೂಲೆ, ಪೂರ್ತಿ ನುಂಗದ ಗುಳಿಗೆಗಳ ಪಟ್ಟಿ, ಮದುವೆಯಾದವರೂ ತಮ್ಮದಲ್ಲ ಎನ್ನುವ ರಬ್ಬರು. ಮುಖ ಒರೆಸುವ ಒದ್ದೆ ಬಟ್ಟೆಯ ಪೊಟ್ಟಣದ ಮೇಲೆ ‘ಫ್ಲಶ್ ಮಾಡಬಹುದು’ ಎಂದು ಅಚ್ಚಾಗಿರುತ್ತದೆ. ಅಚ್ಚು ಹಾಕಿದವರು ಈ ಜಾಲರಿಯನ್ನು ನೋಡಿಲ್ಲ. ಪೇಪರು ನೀರಿನಲ್ಲಿ ಕರಗಿ ಹಿಟ್ಟಾಗುತ್ತದೆ, ಆ ಬಟ್ಟೆ ಕರಗುವುದಿಲ್ಲ. ಪಂಪಿನ ರೆಕ್ಕೆಗೆ ಸುತ್ತಿಕೊಂಡು ಹಗ್ಗವಾಗುತ್ತದೆ.

ಯಾರಾದರೂ ತ್ರ್ಯಂಬಕೇಶ್ವರಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದರೆ ಮರುದಿನ ಜಾಲರಿಯಲ್ಲಿ ದರ್ಭೆ, ಅರಿಶಿನದ ದಾರ, ಬಾಡಿದ ಹೂವು. ಅವನ್ನು ಕಸದ ಬುಟ್ಟಿಗೆ ಹಾಕಲು ಜನಕ್ಕೆ ಮನಸ್ಸಿಲ್ಲ, ನೀರಿಗೆ ಬಿಡಬೇಕು. ಯಾವ ನೀರಿಗೆ ಎಂದು ಶಾಸ್ತ್ರದಲ್ಲಿ ಹೇಳಿದ್ದನ್ನು ಒಂಬತ್ತನೇ ಮಹಡಿಯವರು ಮರೆತಿರಬಹುದು.

ದಿನಕ್ಕೆ ಐವತ್ತು ಸಾವಿರ ಲೀಟರು ನೀರು, ಎಂಟರಿಂದ ಹತ್ತು ಕಿಲೋ ಇಂಥ ಕಸ. ಜಾಲರಿ ದಾಟಿದ ನೀರು ಎಣ್ಣೆ ತೇಲಿಸುವ ಸಣ್ಣ ಗುಂಡಿಗೆ ಬೀಳುತ್ತದೆ. ಅಲ್ಲಿ ಪೂರಿ ಕರಿದ ಭಾನುವಾರಗಳು ಬೆಣ್ಣೆಗಟ್ಟಿ ತೇಲುತ್ತವೆ. ಅಲ್ಲಿಂದ ಗಾಳಿ ತೊಟ್ಟಿಗೆ. ತಳದಲ್ಲಿ ತೂತಿನ ಕೊಳವೆಗಳು, ಅವುಗಳಿಗೆ ಇಪ್ಪತ್ತನಾಲ್ಕು ಗಂಟೆಯೂ ಬ್ಲೋಯರಿನ ಗಾಳಿ, ಇಡೀ ತೊಟ್ಟಿ ಕುದಿಯುವ ಸಾರಿನ ಹಾಗೆ ಗುಳುಗುಳು. ಆಮೇಲೆ ಇನ್ನೊಂದು ತೊಟ್ಟಿಯಲ್ಲಿ ಕೆಸರು ಕೆಳಗೆ ಕೂರುತ್ತದೆ, ತಿಳಿ ನೀರು ಮೇಲೆ ನಿಲ್ಲುತ್ತದೆ. ತಿಳಿಯನ್ನು ಮರಳಿನಲ್ಲಿ, ಇದ್ದಿಲಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಮತ್ತೆ ಮೇಲಕ್ಕೇರಿಸುತ್ತಾರೆ. ಅರ್ಧ ನೀರು ತೋಟಕ್ಕೆ, ಉಳಿದದ್ದು ಫ್ಲಶ್ಶಿಗೆ. ಅಂದರೆ ಇವತ್ತು ಮೇಲಿನವರು ಎಳೆಯುವ ಫ್ಲಶ್ಶಿನಲ್ಲಿರುವುದು ನಿನ್ನೆ ಅವರೇ ಕಳಿಸಿದ ನೀರು. ಇದನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

“ನಾವು ಶುದ್ಧ ಮಾಡೂದಿಲ್ರಿ,” ಎನ್ನುತ್ತಾರೆ ಮಹಿಬೂಬ. “ಶುದ್ಧ ಮಾಡೂವು ಬ್ಯಾರೇನ ಅದಾವ, ಆ ಗಾಳಿ ತೊಟ್ಟ್ಯಾಗ. ಕಣ್ಣಿಗಿ ಕಾಣೂದಿಲ್ಲ. ಹೊಲಸೆಲ್ಲಾ ತಿಂದು, ಮೈ ದಪ್ಪ ಮಾಡ್ಕೊಂಡು, ತಳಕ್ಕ ಹೋಗಿ ಕುಂಡರ್ತಾವ. ಆ ತಳದ ಕೆಸರು ತಿರುಗಿ ತೊಟ್ಟಿಗಿ ಹಾಕಿದ್ರ ಮತ್ತ ಕೆಲಸಾ ಸುರು. ನಾವು ಬರೇ ಗಾಳಿ ಹಾಕವ್ರು.”

ಈ ವಿದ್ಯೆಯನ್ನು ಅವರು ಶಾಲೆಯಲ್ಲಿ ಕಲಿತದ್ದಲ್ಲ. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಹದಿಮೂರು ವರ್ಷದ ಹಿಂದೆ ಈ ಸೊಸೈಟಿಯ ಪಾಯ ತೆಗೆದಾಗ, ಇದೇ ತೊಟ್ಟಿಯ ಗುಂಡಿ ತೋಡಿದ ಕೂಲಿಗಳಲ್ಲಿ ಅವರೊಬ್ಬರು. ಕಾಂಕ್ರೀಟು ಬುಟ್ಟಿ ಹೊತ್ತವರಲ್ಲಿ ಶಬಾನಾ ಒಬ್ಬರು. ಯಂತ್ರ ಕೂರಿಸಿದ ಎಂಜಿನಿಯರು ಹದಿನೈದು ದಿನ ಇಂಗ್ಲಿಷಿನಲ್ಲಿ ಪಾಠ ಹೇಳಿ ಹೋದರು. ಅದರಲ್ಲಿ ಮಹಿಬೂಬರಿಗೆ ದಕ್ಕಿದ್ದು ಮೂರು ಮಾತು. ಹವಾ, ಖಾನಾ, ಟೈಮ್. ಗಾಳಿ ನಿಲ್ಲಬಾರದು, ಊಟ ತಪ್ಪಬಾರದು, ಅವಸರ ಮಾಡಬಾರದು. ಮೊದಲಿನ ಎರಡನ್ನು ಅವರು ಚೆನ್ನಾಗಿ ಪಾಲಿಸುತ್ತಾರೆ.

ಇನ್ನೊಂದು ನಿಯಮ ಅವರದೇ. ಮುಚ್ಚಳ ತೆಗೆದ ತೊಟ್ಟಿಯೊಳಗೆ ಇಳಿಯುವುದಿಲ್ಲ, ಯಾರನ್ನೂ ಇಳಿಯಗೊಡುವುದಿಲ್ಲ. ಹಿಂದೆ ಬೇರೊಂದು ಸೈಟಿನಲ್ಲಿ ಜೊತೆಗಾರನೊಬ್ಬ ಬಿದ್ದ ಬಕೆಟ್ಟು ತರಲು ಇಳಿದು, ಒಳಗಿನ ವಿಷಗಾಳಿಗೆ ಅಲ್ಲೇ ಕುಸಿದ. ಹಗ್ಗ ಹಾಕಿ ಎಳೆದರು. ಬದುಕಿದ. ಆದರೆ ಆಮೇಲೆ ತನ್ನ ಮಕ್ಕಳ ಹೆಸರು ಹೇಳಲು ಅವನಿಗೆ ಹೊತ್ತು ಹಿಡಿಯುತ್ತಿತ್ತು. ಈಗ ಇಲ್ಲಿ ಬಕೆಟ್ಟು ಬಿದ್ದರೆ ಹೊಸ ಬಕೆಟ್ಟು ಬರುತ್ತದೆ. ಕಮಿಟಿಯವರು ಗೊಣಗುತ್ತಾರೆ, ಮಹಿಬೂಬ ಕೇಳಿಸಿಕೊಳ್ಳುವುದಿಲ್ಲ.

ಊರಿಗೆ ಹೋದಾಗ ಕೆಲಸ ಏನೆಂದು ಕೇಳಿದವರಿಗೆ “ಪಾಣಿ ಖಾತೆ”, ಅಂದರೆ ನೀರಿನ ಇಲಾಖೆ, ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. ಒಂದು ಮದುವೆಯಲ್ಲಿ ನಿಜ ಗೊತ್ತಾಗಿ, ಊಟಕ್ಕೆ ಕೂತಾಗ ಪಕ್ಕದವರು ಮೆಲ್ಲಗೆ ಎದ್ದು ಬೇರೆ ಸಾಲಿಗೆ ಹೋದರು. “ಛಲೋ ಆತು,” ಎಂದು ನಗುತ್ತಾರೆ ಶಬಾನಾ. “ಅವ್ರ ಪಾಲಿನ ಬಿರ್ಯಾನಿನೂ ಇವ್ರಿಗೇ ಬಂತು.”

ಹನ್ನೆರಡು ದಿನದ ಹಿಂದಿನ ಭಾನುವಾರ ಮಹಿಬೂಬ ರಜೆಯ ಮೇಲಿದ್ದರು. ಊರಿನ ಮದುವೆ ಬಿಟ್ಟರೆ ವರ್ಷಕ್ಕೊಂದೇ ರಜೆ, ಅದೂ ಖುಲ್ತಾಬಾದಿನ ದರ್ಗಾಕ್ಕೆ ಹೋಗಿಬರಲು. ಅದೇ ದಿನ ಇಲ್ಲಿ ಸೊಸೈಟಿಯ ಸೆಕ್ರೆಟರಿ ಕಿಟ್ಟಣ್ಣ ಲುಂಗಿ ಎತ್ತಿ ಕಟ್ಟಿ ಕೆಲಸಕ್ಕೆ ನಿಂತರು.

ಕಿಟ್ಟಣ್ಣ ಕುಂದಾಪುರದ ಕಡೆಯವರು. ಹಳೆಯ ಬಸ್ ನಿಲ್ದಾಣದ ಹತ್ತಿರ ನಲವತ್ತು ವರ್ಷದಿಂದ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದಾರೆ. ತಪಾಸಣೆಗೆ ಯಾರೋ ಬರುತ್ತಾರೆ ಎಂದು ಕಿವಿಗೆ ಬಿದ್ದರೆ ಸಾಕು, ಅವರ ಹೋಟೆಲಿನಲ್ಲಿ ಗೋಡೆ, ಗುಂಡಿ, ಗಟಾರ ಎಲ್ಲಕ್ಕೂ ಅಭ್ಯಂಜನ. ಈ ಸಲ ಸೊಸೈಟಿಗೆ ನೀರಿನ ತಪಾಸಣೆಯ ನೋಟೀಸು ಬಂದಿತ್ತು. ಐದು ಲೀಟರಿನ ಹದಿನೈದು ಡಬ್ಬಿ ಫಿನಾಯಿಲು, ಎರಡು ಚೀಲ ಬ್ಲೀಚಿಂಗ್ ಪೌಡರು ತರಿಸಿದರು. ಸೊಸೈಟಿಯ ಮೆಟ್ಟಿಲು, ಕಾರಿಡಾರು ಗುಡಿಸುವುದು ಶಬಾನಾ ಅವರ ಕೆಲಸ. ಕಿಟ್ಟಣ್ಣ ತೋರಿಸುತ್ತ ಹೋದರು, ಶಬಾನಾ ಸುರಿಯುತ್ತ ಹೋದರು. ಗಟಾರದ ಒಂದೊಂದು ಚೇಂಬರಿಗೂ ಸುರಿದು, ಕೊನೆಗೆ ಉಳಿದದ್ದನ್ನೆಲ್ಲ ಆ ಕೊಳಕು ಕಂದು ಬಣ್ಣದ ತೊಟ್ಟಿಗೇ ಸುರಿದರು.

ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ಮಹಿಬೂಬರ ಮೂಗಿಗೆ ಆಸ್ಪತ್ರೆಯ ವಾಸನೆ ಬಡಿಯಿತು. ತೊಟ್ಟಿಯಲ್ಲಿ ಬೂದು ಬಣ್ಣದ ನೀರು, ಮೇಲೆ ಸಾಬೂನಿನಂಥ ಬಿಳಿ ನೊರೆ. ಒಂದು ಲೀಟರಿನ ಗಾಜಿನ ಕೊಳವೆಯಲ್ಲಿ ನೀರು ತುಂಬಿ ಅರ್ಧ ಗಂಟೆ ನಿಲ್ಲಿಸಿದರು. ದಿನಾ ಏಳಕ್ಕೆ ಮಾಡುವ ಪರೀಕ್ಷೆ ಇದು. ಆರೋಗ್ಯವಂತ ತೊಟ್ಟಿಯಾದರೆ ಅರ್ಧ ಗಂಟೆಯಲ್ಲಿ ಕಂದು ಕೆಸರು ಕೆಳಗಿಳಿದು ಇನ್ನೂರೈವತ್ತರ ಗೆರೆಯಲ್ಲಿ ನಿಲ್ಲುತ್ತದೆ, ಮೇಲೆ ಕನ್ನಡಿಯಂಥ ತಿಳಿ. ಅವತ್ತು ಏನೂ ಇಳಿಯಲಿಲ್ಲ, ಏನೂ ತಿಳಿಯಾಗಲಿಲ್ಲ. ಮಜ್ಜಿಗೆ ಕೆಟ್ಟಂತೆ ನಿಂತಿತ್ತು.

ಈ ದಂಪತಿ ಮನೆಯಲ್ಲಿ ಆಡುವುದು ದಖನಿ, ಪೇಟೆಯಲ್ಲಿ ಮರಾಠಿ. ಜಗಳಕ್ಕೆ ಮಾತ್ರ ಕನ್ನಡ.

“ಏನ್ ಹಾಕ್ದಿ?”

“ಸೇಠ್ ಕೊಟ್ಟಿದ್ದು ಹಾಕ್ದೆ.”

“ಎಷ್ಟ ಹಾಕ್ದಿ?”

“ಕೊಟ್ಟಷ್ಟೂ. ಉಳಿಸಿ ಮನ್ಯಾಗ ಉಪ್ಪಿನಕಾಯಿ ಹಾಕ್ಲೇನು?”

“ಸತ್ತಾವ. ಎಲ್ಲಾ ಸತ್ತಾವ.”

“ಏನ್ ಸತ್ತಾವ? ಹನ್ನೊಂದು ವರ್ಷಾತು, ಒಳಗ ಅದಾವ ಅದಾವ ಅಂತಿ. ನಾ ಒಂದರ ನೋಡೇನೇನು? ನೀ ನೋಡೀಯೇನು?”

ಅಷ್ಟರಲ್ಲಿ ಕಿಟ್ಟಣ್ಣ ತಾವಾಗಿಯೇ ಬಂದರು, ಹೊಗಳಿಸಿಕೊಳ್ಳಲು.

“ಎಂತ ಮಾರಾಯ, ನೋಡು ಈಗ ಎಷ್ಟು ಕ್ಲೀನ್ ಉಂಟು! ಆ ಕೊಳಕು ಬಣ್ಣ ಹೋಯ್ತಲ್ಲ? ಈಗ ಬರ್ಲಿ ಅವ್ರು.”

ಮಹಿಬೂಬ ಮೊದಲು ಹಿಂದಿಯಲ್ಲಿ, ಆಮೇಲೆ ಮರಾಠಿಯಲ್ಲಿ ವಿವರಿಸಲು ನೋಡಿದರು. ಒಳಗೆ ಬ್ಯಾಕ್ಟೀರಿಯಾ ಇರುತ್ತವೆ ಎಂದದ್ದೇ ತಪ್ಪಾಯಿತು. ಕಿಟ್ಟಣ್ಣ ಎರಡು ಹೆಜ್ಜೆ ಹಿಂದೆ ಸರಿದು, “ಬ್ಯಾಕ್ಟೀರಿಯಾ ಉಂಟು ಅಂತ್ಲೇ ಅಲ್ವಾ ಅಷ್ಟು ಫಿನಾಯಿಲ್ ಹಾಕಿಸಿದ್ದು?” ಎಂದರು. ಮಹಿಬೂಬ ತೊಟ್ಟಿಗೆ ಒಂದು ಸುತ್ತು ಹಾಕಿ ಬಂದರು. ಬಂದವರು ಕನ್ನಡಕ್ಕೆ ಇಳಿದರು.

“ಅಣ್ಣಾರ, ನಿಮ್ಮ ಹೋಟೆಲದಾಗ ಸಂಜಿಗಿ ದ್ವಾಸಿ ಹಿಟ್ಟು ರುಬ್ಬಿ ಇಡ್ತೀರಿ. ಮುಂಜಾನಿ ಉಬ್ಬಿರ್ತದ. ಯಾರ್ ಉಬ್ಬಸ್ತಾರ ಅದನ್ನ?”

“ಯಾರು ಉಬ್ಬಿಸುದು? ತನ್ನಷ್ಟಕ್ಕೇ ಹುಳಿ ಬರ್ತದೆ.”

“ಆ ಹಿಟ್ಟಿನ್ಯಾಗ ಒಂದು ಡಬ್ಬಿ ಫಿನಾಯಿಲ್ ಹಾಕಿದ್ರ?”

“ಥೂ! ಎಂತ ಮಾತು ಆಡ್ತಿ ಮಾರಾಯ ಬೆಳಿಗ್ಗೆ ಬೆಳಿಗ್ಗೆ!” ಎಂದ ಕಿಟ್ಟಣ್ಣ ಅಲ್ಲಿಗೇ ನಿಂತರು. ತೊಟ್ಟಿ ನೋಡಿದರು, ಮಹಿಬೂಬರ ಮುಖ ನೋಡಿದರು, ಮತ್ತೆ ತೊಟ್ಟಿ ನೋಡಿದರು. “ಹಾಗಾದ್ರೆ... ಇದು ಹಿಟ್ಟಾ?”

“ಹಿಟ್ಟರೀ. ಹನ್ನೊಂದು ವರ್ಷದ್ದು.”

ನಲವತ್ತು ವರ್ಷ ದೋಸೆ ಹುಯ್ದ ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಸೆಕ್ರೆಟರಿ ಅಲ್ಲೇ ಇದ್ದ ಖಾಲಿ ಡಬ್ಬಿಯ ಮೇಲೆ ಕೂತರು, ಫಿನಾಯಿಲ್ ಡಬ್ಬಿ ಎಂದು ಗೊತ್ತಾಗಿ ಎದ್ದರು. “ಈಗ ಎಂತ ಮಾಡುದು?”

“ಹೆಪ್ಪು ಬೇಕ್ರಿ. ಬದುಕಿದ್ ತೊಟ್ಟೀದು.”

ಹಾಲಿಗೆ ಹೆಪ್ಪಿಲ್ಲದಿದ್ದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದು ಇಬ್ಬರ ಊರಲ್ಲೂ ಉಂಟು. ಮಹಿಬೂಬ ಅವತ್ತು ಅದನ್ನೇ ಮಾಡಿದರು. ಪಕ್ಕದ ಸೊಸೈಟಿಯ ಘಟಕ ನೋಡಿಕೊಳ್ಳುವವರು ಅಕ್ಕಲಕೋಟದ ಮಲ್ಲಿನಾಥ. ಅಲ್ಲಿ ಬ್ಲೋಯರಿನ ಮೇಲೆ ಒಗೆದ ಬಟ್ಟೆ ಒಣಗುತ್ತಿತ್ತು. “ನೋಟೀಸ್ ಬಂದಾಗ ಚಾಲೂ ಮಾಡ್ತೇವಿ,” ಎಂದರು ಮಲ್ಲಿನಾಥ, ನಾಚಿಕೆಯೇನೂ ಇಲ್ಲದೆ. ಅದರಾಚೆಯ ಸೊಸೈಟಿಯಲ್ಲಿ ತೊಟ್ಟಿ ಬಹಳ ಸ್ವಚ್ಛವಾಗಿತ್ತು, ಯಾಕೆಂದರೆ ನೀರು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಊರಿನ ದೊಡ್ಡ ಘಟಕದಲ್ಲಿ ಕೇಳಿದರೆ ಅರ್ಜಿ, ಅದರ ಪ್ರತಿ, ಅದಕ್ಕೆ ಮೊಹರು ಎಂದು ಎಂಟು ದಿನ ಹಿಡಿಯುತ್ತಿತ್ತು. ಹೀಗೆ, ನೂರಾರು ಕಟ್ಟಡಗಳ ಊರಲ್ಲಿ ಎರಡು ಬಕೆಟ್ಟು ಜೀವಂತ ಕೆಸರು ಹುಟ್ಟದೆ, ಮಹಿಬೂಬ ಫೋನು ತೆಗೆದು ರೇವಪ್ಪನಿಗೆ ಹಚ್ಚಿದರು.

ರೇವಪ್ಪ ಅವರ ಊರಿನವರೇ. ಒಂದೇ ಲಾರಿಯಲ್ಲಿ ಕೂಲಿಗೆ ಹೊರಟವರು. ಈಗ ಛತ್ರಪತಿ ಸಂಭಾಜಿನಗರದ ಅಂಚಿನ ಒಂದು ಕಾಲೊನಿಯಲ್ಲಿ ಇಂಥದ್ದೇ ಘಟಕ ನೋಡಿಕೊಳ್ಳುತ್ತಾರೆ. ಭಾನುವಾರವಷ್ಟೇ ಇಬ್ಬರೂ ಖುಲ್ತಾಬಾದಿನಲ್ಲಿ ಕೂಡಿ ಚಹಾ ಕುಡಿದಿದ್ದರು.

ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಕಿಟ್ಟಣ್ಣನ ಹೋಟೆಲಿನ ವ್ಯಾನು ಎಲ್ಲರ ಕಣ್ಣಿಗೂ ಬಿತ್ತು. “ಅದ್ರಲ್ಲಿ ತರಕಾರಿ ಬರ್ತದೆ ಮಾರಾಯ!” ಎಂದು ಕಿಟ್ಟಣ್ಣ ನರಳಿದರು. ತೀರ್ಪು ಕೊಟ್ಟವರು ಅವರ ಹೆಂಡತಿ ವಸಂತಿ. “ಕೊಂದದ್ದು ನೀವು. ಹೆಪ್ಪು ತರ್ಲಿಕ್ಕೆ ಅವನು ಬಸ್ಸಲ್ಲಿ ಡ್ರಮ್ ಹೊತ್ಕೊಂಡು ಹೋಗುದಾ? ಪ್ಲಾಸ್ಟಿಕ್ ಹಾಸಿ, ಆಮೇಲೆ ತೊಳೀರಿ. ತೊಳಿಯುದು ಹೇಗೂ ನಿಮಗೆ ಇಷ್ಟ ಅಲ್ವಾ?” ಡ್ರಮ್ಮಿನಲ್ಲಿ ಏನು ಬರುತ್ತದೆಂದು ಕೇಳಿದ ಡ್ರೈವರಿಗೆ ಮಂಗಳವಾರ ಬೆಳಿಗ್ಗೆ ಹೊಟ್ಟೆನೋವು ಬಂತು. ಕೊನೆಗೆ ಅರವತ್ತಾರರ ಕಿಟ್ಟಣ್ಣನೇ ಸ್ಟಿಯರಿಂಗ್ ಹಿಡಿದರು.

ನಿಫಾಡ, ಯೇವಲೆ, ವೈಜಾಪುರ. ಹೋಗುವಾಗ ಐದು ಗಂಟೆ. ಮಹಿಬೂಬ ಕೂತಲ್ಲೇ ಕಾಲು ಕುಣಿಸುತ್ತಿದ್ದರು. “ಬ್ರೇಕ್ ನನ್ನ ಕಾಲ ಕೆಳಗೆ ಉಂಟು, ನಿನ್ನ ಕೆಳಗಲ್ಲ,” ಎಂದು ಕಿಟ್ಟಣ್ಣ ಎರಡು ಸಲ ಹೇಳಿದರು.

ರೇವಪ್ಪ ಗೇಟಿಗೇ ಬಂದು ನಿಂತಿದ್ದರು. “ಬಾ ಮಾಬು! ಮೊನ್ನಿ ದರ್ಗಾದಾಗ ಕಣ್ಣು ಮುಚ್ಚಿ ಏನ್ ಬೇಡ್ಕೊಂಡಿದ್ದಿ? ಇದನ್ನs ಏನು?” ಹೆಪ್ಪು ಕೇಳಲು ಬರಿಗೈಯಲ್ಲಿ ಹೋಗಬಾರದೆಂದು ಕಿಟ್ಟಣ್ಣ ಎರಡು ಕಿಲೋ ಮೈಸೂರುಪಾಕು ಕಟ್ಟಿಸಿ ತಂದಿದ್ದರು. ರೇವಪ್ಪ ಪೊಟ್ಟಣ ಬಿಚ್ಚಿ ಮೂಸಿ, ಡ್ರಮ್ಮಿನ ಕಡೆ ನೋಡಿ, “ಅದನ್ನ ಕೊಟ್ಟು ಇದನ್ನ ತಗೊಳ್ಳೂದಂದ್ರ ದಿನಾ ಬರ್ರಿ ಸೇಠ್‌ರ,” ಎಂದರು. ತೊಟ್ಟಿಯ ತಳದಿಂದ, ಗಟ್ಟಿ ಇರುವಲ್ಲಿಂದ ಪಂಪು ಹಚ್ಚಿ ಮೂರು ಡ್ರಮ್ ತುಂಬಿಸಿದರು. ಮೀನು ಮಾರುವವರು ಬಳಸುವ, ಬ್ಯಾಟರಿಯಿಂದ ಗುಳ್ಳೆ ಬಿಡುವ ಸಣ್ಣ ಯಂತ್ರಗಳನ್ನು ಒಂದೊಂದು ಡ್ರಮ್ಮಿಗೂ ಇಳಿಬಿಟ್ಟರು. ಗಾಳಿಯಿಲ್ಲದೆ ನಾಲ್ಕೈದು ಗಂಟೆ ಕಳೆದರೆ ಹೆಪ್ಪು ಅಲ್ಲೇ ಕೊಳೆಯುತ್ತದೆ.

ಬರುವಾಗ ಅರ್ಧರ್ಧ ಗಂಟೆಗೆ ಗಾಡಿ ನಿಂತಿತು. ಮಹಿಬೂಬ ಇಳಿದು, ಹಿಂದೆ ಹತ್ತಿ, ಕೋಲಿನಿಂದ ಕಲಕಿ, ಕಿವಿಯಿಟ್ಟು ಗುಳ್ಳೆ ಕೇಳಿಸಿಕೊಂಡು ಬರುತ್ತಿದ್ದರು. ವೈಜಾಪುರದ ನಾಕಾದಲ್ಲಿ ಪೊಲೀಸನೊಬ್ಬ ಡ್ರಮ್ಮಿಗೆ ಲಾಠಿ ತಟ್ಟಿ ಏನಿದೆಯೆಂದು ಕೇಳಿದ. ಮಹಿಬೂಬ ಬಾಯಿ ತೆರೆಯುವ ಮೊದಲೇ ಕಿಟ್ಟಣ್ಣ ಮರಾಠಿಯಲ್ಲಿ “ವಿರ್ಜಣ!” ಎಂದರು. ಹೆಪ್ಪಿಗೆ ಅಲ್ಲಿಯ ಮಾತು. ಹಣೆಯ ಮೇಲಿನ ಗಂಧ ನೋಡಿ ಪೊಲೀಸ ನಂಬಿದ, ಮುಚ್ಚಳ ಎತ್ತಿ ಮೂಸಿದ ಮೇಲೆ ಹೋಗಿ ಹೋಗಿ ಎಂದು ಕೈ ಬೀಸಿದ. ಯೇವಲೆ ದಾಟುವಾಗ ಕಿಟ್ಟಣ್ಣ ಗಾಳಿ ಮೂಸಿ, “ಕೆಟ್ಟ ವಾಸನೆ ಅಲ್ಲ ಅಲ್ವಾ ಮಾರಾಯ? ಮಳೆ ಬಿದ್ದ ಮಣ್ಣಿನ ಹಾಗೆ ಉಂಟು,” ಎಂದರು.

“ಬದುಕಿದ್ರ ಹಂಗs ಇರ್ತದ್ರಿ,” ಎಂದರು ಮಹಿಬೂಬ.

ಫಿನಾಯಿಲಿನ ನೀರು ಅಷ್ಟರಲ್ಲಿ ಟ್ಯಾಂಕರ್ ಹತ್ತಿ ಹೋಗಿತ್ತು. ಹೊಸ ನೀರಿಗೆ ಮೂರು ಡ್ರಮ್ ಹೆಪ್ಪು ಬಿತ್ತು. ಆಮೇಲೆ ಕಾಯುವ ಕೆಲಸ, ಮಹಿಬೂಬರಿಗೆ ಬಾರದ ಒಂದೇ ಕೆಲಸ. ಹೋಟೆಲಿನಿಂದ ದಿನಾ ಅನ್ನ ಬಸಿದ ಗಂಜಿ ಬಂತು, ಬೆಲ್ಲದ ಪುಡಿ ಬಂತು. ಕಿಟ್ಟಣ್ಣ ಬೆಳಿಗ್ಗೆ ಏಳಕ್ಕೆ ಫೋನು ಹಚ್ಚಿ, “ಉಬ್ಬಿತಾ?” ಎಂದು ಕೇಳತೊಡಗಿದರು. ಗಾಜಿನ ಕೊಳವೆಯಲ್ಲಿ ಮೊದಲ ದಿನ ಕೆಸರು ನಲವತ್ತರ ಗೆರೆ. ನಾಲ್ಕನೆಯ ದಿನ ತೊಂಬತ್ತು. ಆರನೆಯ ದಿನ ಎಪ್ಪತ್ತಕ್ಕೆ ಇಳಿದಾಗ ಮಹಿಬೂಬ ಊಟ ಬಿಟ್ಟರು.

ಇಳಿದದ್ದು ಯಾಕೆಂದು ಹುಡುಕಿದವರು ಶಬಾನಾ. ಯಾವುದೋ ಮನೆಯವರು ಬಣ್ಣ ಬಳಿಸಿ, ಉಳಿದ ಟರ್ಪೆಂಟೈನನ್ನು ಬಚ್ಚಲಿಗೆ ಸುರಿದಿದ್ದರು. ‘ಏನೇನು ಹಾಕಬಾರದು’ ಎಂಬ ನೋಟೀಸು ಲಿಫ್ಟಿನಲ್ಲಿ ಮೂರು ಭಾಷೆಗಳಲ್ಲಿ ಎರಡು ವರ್ಷದಿಂದ ತೂಗುತ್ತಿದೆ, ಜನ ಅದರ ಗಾಜಿನಲ್ಲಿ ತಲೆ ಬಾಚಿಕೊಳ್ಳುತ್ತಾರೆ. ಶಬಾನಾ ನೋಟೀಸಿನ ಗೊಡವೆಗೆ ಹೋಗಲಿಲ್ಲ. ಒಂದು ವಾರದಲ್ಲಿ ಜಾಲರಿಗೆ ಸಿಕ್ಕಿದ್ದನ್ನೆಲ್ಲ ತೊಳೆದು, ಒಣಗಿಸಿ, ಬುಟ್ಟಿಯಲ್ಲಿ ಜೋಡಿಸಿಕೊಂಡು, ಬಳೆ ಮಾರುವವರಂತೆ ಮನೆಮನೆಯ ಗಂಟೆ ಒತ್ತಿದರು.

“ತಾಯಿ, ಇದು ನಿಮ್ಮದೇನ್ರಿ?” ಎಂಬುದು ಅವರ ಮೊದಲ ಪ್ರಶ್ನೆ. ಮರಾಠಿ ಮನೆಯಲ್ಲಿ ಮರಾಠಿಯಲ್ಲಿ, ಹಿಂದಿ ಮನೆಯಲ್ಲಿ ಹಿಂದಿಯಲ್ಲಿ, ಎಲ್ಲ ಕಡೆ ಅಷ್ಟೇ ವಿನಯದಿಂದ. “ಅಲ್ಲಾ? ಬರೋಬರ್, ನಿಮ್ಮದು ಇರಂಗಿಲ್ಲ. ಆದ್ರೂ ಹೇಳಿ ಹೋಗ್ತೀನಿ. ನಿಮ್ಮ ಹೊಟ್ಟ್ಯಾಗಿಂದ ಬಂದಿದ್ದು ಮತ್ತ ಪೇಪರು, ಎರಡs ಸಂಡಾಸಕ್ಕ. ಪ್ಯಾಡು, ಹಗೀಸು, ಬಟ್ಟಿ, ಕೂದಲು ಕಸದ ಡಬ್ಬಿಗಿ. ಕರಿದ ಎಣ್ಣಿ ಬಾಟಲಿಗಿ ತುಂಬಿ ನನಗs ಕೊಡ್ರಿ. ಹಳೇ ಗುಳಿಗಿ ಬ್ಯಾಡ, ಆ್ಯಸಿಡ್ ಬ್ಯಾಡ, ಬಣ್ಣಾ ಬ್ಯಾಡ. ಕೆಳಗ ಜೀವಾ ಅದಾವ.”

ತೊಂಬತ್ತಾರು ಮನೆಗಳಲ್ಲಿ ಒಂದೂ ಮನೆ ಬುಟ್ಟಿಯೊಳಗಿನ ಒಂದು ವಸ್ತುವನ್ನೂ ಒಪ್ಪಿಕೊಳ್ಳಲಿಲ್ಲ. ಮರುದಿನದಿಂದ ಜಾಲರಿಗೆ ಬೀಳುವ ಕಸ ಅರ್ಧವಾಯಿತು. ಎಂಟನೆಯ ದಿನ ಕೊಳವೆಯಲ್ಲಿ ನೂರೈವತ್ತು.

ಈಗ, ತಪಾಸಣೆಯ ಬೆಳಿಗ್ಗೆ, ಏಳು ಗಂಟೆ. ಮಹಿಬೂಬ ಕೊಳವೆ ತುಂಬಿ ಕಟ್ಟೆಯ ಮೇಲಿಡುತ್ತಾರೆ. ಅರ್ಧ ಗಂಟೆ ಅಲ್ಲಾಡಿಸಬಾರದು, ಮುಟ್ಟಬಾರದು. ಕೊಳವೆ ಅಲ್ಲಾಡುವುದಿಲ್ಲ, ಅವರೇ ಅಲ್ಲಾಡುತ್ತಾರೆ. ತೊಟ್ಟಿಗೆ ಹದಿನಾಲ್ಕು ಸುತ್ತು. ಏಳೂವರೆಗೆ ಬಗ್ಗಿ ನೋಡಿದಾಗ ಕಂದು ಕೆಸರು ಇನ್ನೂರ ಹತ್ತರ ಗೆರೆಯಲ್ಲಿ ನಿಂತಿದೆ. ಮೇಲಿನ ನೀರಿನಾಚೆ ಗೋಡೆಯ ಬಿರುಕು ಕಾಣುತ್ತದೆ. ಬಿರುಕು ಸ್ವಲ್ಪ ಮಸುಕು.

“ಇನ್ನೂ ಎರಡು ದಿನಾ ಸಿಕ್ಕಿದ್ರ...” ಎನ್ನುತ್ತಾರೆ. ಸಿಗುವುದಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಬಂದ ಅಧಿಕಾರಿ ನಲ್ಲಿ ಎಲ್ಲಿದೆ ಎಂದು ಕೇಳುತ್ತಾರೆ, ಎರಡು ಕ್ಯಾನಿಗೆ ನೀರು ಹಿಡಿಯುತ್ತಾರೆ, ಚೀಟಿ ಅಂಟಿಸಿ ಸಹಿ ಮಾಡಿಸಿಕೊಳ್ಳುತ್ತಾರೆ. ಒಟ್ಟು ಆರು ನಿಮಿಷ. ಸಹಿ ಕಿಟ್ಟಣ್ಣನದು. ಮಹಿಬೂಬರ ಹೆಸರನ್ನು ಯಾರೂ ಕೇಳುವುದಿಲ್ಲ. ನೀರಿನಲ್ಲಿ ಎಷ್ಟು ಕೊಳೆ ಉಳಿದಿದೆ ಎಂದು ಅಳೆಯಲು ಪ್ರಯೋಗಾಲಯಕ್ಕೇ ಮೂರು ದಿನ ಬೇಕು, ಕಾಗದ ಬರಲು ಇನ್ನೂ ಐದು.

ಆ ಎಂಟು ದಿನಗಳಲ್ಲಿ ಶಬಾನಾ ಎರಡು ಚೀಲ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು.

ಕಾಗದ ಬಂದಾಗ ಕೊಳೆಯ ಅಂಕಿ ಮಿತಿಗಿಂತ ಎರಡೇ ಎರಡು ಕಡಿಮೆ. ಎರಡಾದರೂ ಪಾಸು ಪಾಸೇ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿಯವರ ಸ್ವಚ್ಛತಾ ಅಭಿಯಾನಕ್ಕೆ ಅಭಿನಂದನೆಗಳ ಮಳೆ ಸುರಿಯಿತು, ಕೈ ಮುಗಿದ ಚಿತ್ರಗಳು ಐವತ್ತಕ್ಕೂ ಹೆಚ್ಚು. ಭಾನುವಾರದ ಸಭೆಯಲ್ಲಿ ಕಿಟ್ಟಣ್ಣ ಎದ್ದು ನಿಂತು, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲೇ, “ಸ್ವಚ್ಛ ಮಾಡಿದ್ದು ನಾನು. ಅದಕ್ಕೇ ಕೆಟ್ಟದ್ದು. ಸರಿ ಮಾಡಿದ್ದು ಆ ಗಂಡಹೆಂಡತಿ,” ಎಂದು ಹೇಳಿ ಕೂತರು. ಕಂಪನಿಯ ಠರಾವನ್ನು ಒಂದು ವರ್ಷಕ್ಕೆ ಮುಂದೆ ಹಾಕಿದರು. ರದ್ದು ಮಾಡಲಿಲ್ಲ, ಮುಂದೆ ಹಾಕಿದರು. ಶಬಾನಾ ಒಂದು ಚೀಲ ಬಿಚ್ಚಿದ್ದಾರೆ, ಇನ್ನೊಂದು ಮಂಚದ ಕೆಳಗೆ ಹಾಗೆಯೇ ಇದೆ.

ಏನಾದರೂ ಆಸೆಯಿದೆಯೇ ಎಂದರೆ ಮಹಿಬೂಬ ನಡೆಯುತ್ತಲೇ ಹೇಳುತ್ತಾರೆ. “ಒಂದs ಅದರಿ. ಮುಂದಿನ ವರ್ಷಾನೂ ಖುಲ್ತಾಬಾದಕ್ಕ ಒಂದಿನಾ ಹೋಗಾಂವ ಅದೀನಿ. ಆವತ್ತು ಇಲ್ಲಿ ಯಾರೂ ಏನೂ ತೊಳೀಬಾರ್ದು.”

ಇವತ್ತು ಮತ್ತೆ ಐದೂ ಮುಕ್ಕಾಲು. ಬಿ ವಿಂಗಿನ ಅಜ್ಜ ಎದ್ದಿದ್ದಾರೆ. ತೊಟ್ಟಿ ಕಂದು ಬಣ್ಣಕ್ಕೆ ತಿರುಗಿದೆ, ಮಣ್ಣಿನ ವಾಸನೆ. ಗೇಟಿನಲ್ಲಿ ಪಕ್ಕದ ಸೊಸೈಟಿಯ ಮಲ್ಲಿನಾಥ ನಿಂತಿದ್ದಾರೆ, ಎರಡೂ ಕೈಗೆ ಒಂದೊಂದು ಖಾಲಿ ಕ್ಯಾನು. ಬ್ಲೋಯರಿನ ಮೇಲಿನ ಬಟ್ಟೆ ತೆಗೆಯುವ ಕಾಲ ಅವರಿಗೂ ಬಂದಂತಿದೆ.

“ನಮಗೂ ನೋಟೀಸ್ ಬಂತು ಮಾಬುಭಾಯಿ.”

ಮಹಿಬೂಬ ಬೈಯುವುದಿಲ್ಲ. ತಳದಿಂದ, ಗಟ್ಟಿ ಇರುವಲ್ಲಿಂದ ಎಳೆದು ಎರಡೂ ಕ್ಯಾನು ತುಂಬಿಸುತ್ತಾರೆ. “ಇಷ್ಟ ಸಾಲೂದಿಲ್ಲ. ನಾಳಿಗಿ ಡ್ರಮ್ ತಗೊಂಡ ಬಾ. ಹವಾ ಮಾತ್ರ ಇವತ್ತs ಚಾಲೂ ಮಾಡು.” ಮಲ್ಲಿನಾಥ ತಲೆಯಾಡಿಸಿ ಮುಚ್ಚಳ ಬಿಗಿಯಾಗಿ ತಿರುಗಿಸಲು ಹೋಗುತ್ತಾರೆ.

“ಬಿಗಿ ಮಾಡಬ್ಯಾಡ,” ಎಂದು ಮಹಿಬೂಬ ಕೈ ಹಿಡಿಯುತ್ತಾರೆ. “ಒಳಗ ಜೀವಾ ಅದಾವ.”

ಮಲ್ಲಿನಾಥ ಕ್ಯಾನಿನೊಳಗೆ ಇಣುಕುತ್ತಾರೆ. “ಎಲ್ಲಿ? ನನಗೇನೂ ಕಾಣವಲ್ದು.”

ಕೋಣೆಯ ಬಾಗಿಲಲ್ಲಿ ಪೊರಕೆ ಹಿಡಿದು ನಿಂತ ಶಬಾನಾ ಅಲ್ಲಿಂದಲೇ ಗದರುತ್ತಾರೆ: “ಅಂವಾ ಹೇಳಿದಂಗ ಮಾಡೋ ಅಣ್ಣಾ. ಅದಾವ.”